ಕೆಂಪು ಕಾರ್ಡಿನ ಹುಡುಗಿ

ಟೆಕ್ಸಸ್ಸಿನಲ್ಲಿ ನಮ್ಮವರ ಮನೆಗೆ ಊಟಕ್ಕೆ ಹೋದರೆ ತಟ್ಟೆಗೆ ಕೋಸಂಬರಿ ಬೀಳುವ ಮೊದಲೇ ಒಂದು ಪ್ರಶ್ನೆ ಬೀಳುತ್ತದೆ: ‘ನಿಮ್ಮ ಏರಿಯಾ ಸ್ಕೂಲ್ ರೇಟಿಂಗ್ ಹೇಗಿದೆ?’ ಡಾಲಸ್ ಕಡೆ ಕ್ಯಾರಲ್ಟನ್‌ನಲ್ಲಿದ್ದಾಗಲೂ ಇದೇ, ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ಗೆ ಬಂದ ಮೇಲೂ ಇದೇ. ಮನೆ ಕೊಳ್ಳಲು ಹೊರಟವರು ಅಡುಗೆಮನೆ ದೊಡ್ಡದಿದೆಯೇ, ದೇವರಿಗೆ ಜಾಗವಿದೆಯೇ ಎಂದು ನೋಡುವ ಮೊದಲು ಫೋನ್ ತೆಗೆದು ಶಾಲೆಯ ರೇಟಿಂಗ್ ನೋಡುತ್ತಾರೆ. ಇಲ್ಲಿ ಮನೆ ಯಾವ ಏರಿಯಾದಲ್ಲೋ ಮಕ್ಕಳು ಅದೇ ಏರಿಯಾದ ಸರ್ಕಾರಿ ಶಾಲೆಗೆ. ಮಕ್ಕಳಿಲ್ಲದವರೂ ನೋಡುತ್ತಾರೆ. ನಾಳೆ ಮಾರುವಾಗ ಒಳ್ಳೆ ಬೆಲೆ ಬರಬೇಕಲ್ಲ! ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಪಾಠ ಮಾಡುತ್ತಿದ್ದ ಶಾಲೆಯ ಸುತ್ತಮುತ್ತ ಮನೆ ನೋಡಲು ನಮ್ಮವರು ಯಾರೂ ಬರುತ್ತಿರಲಿಲ್ಲ.

ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳು ಅವು. ನನ್ನ ಗಂಡ ಕ್ಲಿಯರ್ ಲೇಕ್‌ನಲ್ಲಿ ಬಾಹ್ಯಾಕಾಶ ಕೇಂದ್ರದ ಕೆಲಸ ಹಿಡಿದಿದ್ದ ಒಂದು ಕಂಪನಿಯಲ್ಲಿ ಎಂಜಿನಿಯರು. ನಾನು ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಟ್ಟವಳು. ಇಲ್ಲಿ ಮತ್ತೆ ಪರೀಕ್ಷೆ ಬರೆದು, ಸರ್ಟಿಫಿಕೇಟ್ ಪಡೆದು, ಮನೆಯಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡುವಷ್ಟು ದೂರದ ಮಿಡಲ್ ಸ್ಕೂಲೊಂದರಲ್ಲಿ ಎಂಟನೇ ತರಗತಿಗೆ ಸೇರಿಕೊಂಡಿದ್ದೆ. ‘ಅಲ್ಲಾ, ಅಷ್ಟು ದೂರ ಹೋಗಿ ಆ ಸ್ಕೂಲಲ್ಲಿ ಯಾಕೆ ಮಾಡ್ತೀರಾ?’ ಎಂದು ಗೆಳತಿಯರು ಮೂಗು ಮುರಿಯುತ್ತಿದ್ದರು. ಹತ್ತಿರದ ಒಳ್ಳೆ ರೇಟಿಂಗಿನ ಶಾಲೆಗಳು ನನ್ನನ್ನು ಕರೆದಿರಲಿಲ್ಲ, ಅಷ್ಟೆ. ಸೇರಿದ ಮೇಲೆ ಆ ಮಕ್ಕಳು ಹಿಡಿಸಿದರು, ಬಿಡುವ ಮನಸ್ಸಾಗಲಿಲ್ಲ.

ಟೆಕ್ಸಸ್ ರಾಜ್ಯದವರು ವರ್ಷಕ್ಕೊಮ್ಮೆ ಮಕ್ಕಳಿಗೆಲ್ಲ ಪರೀಕ್ಷೆ ಇಟ್ಟು, ಪಾಸಾದವರನ್ನು ಎಣಿಸಿ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಪ್ರತಿ ಶಾಲೆಗೂ ಒಂದು ಷರಾ ಬರೆಯುತ್ತಾರೆ. ನಮಗೆ ಬಂದಿದ್ದು ‘ಸುಧಾರಣೆ ಅಗತ್ಯ’. ಅದರ ಹಿಂದಿನ ವರ್ಷವೂ ಅದೇ ಬಂದಿತ್ತು. ಹೀಗೇ ಮುಂದುವರಿದರೆ ಶಾಲೆಯನ್ನು ಮುಚ್ಚಲೂಬಹುದು. ಇಲ್ಲಿ ಒಂದೊಂದು ಪ್ರದೇಶದ ಶಾಲೆಗಳನ್ನೆಲ್ಲ ನಡೆಸುವ ಆಡಳಿತಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ನಮ್ಮ ಡಿಸ್ಟ್ರಿಕ್ಟಿನವರಿಗೆ ಈ ಷರಾ ನೋಡಿ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ವಾರವಾರ ಯಾರಾದರೊಬ್ಬರು ಕೋಟು ಹಾಕಿಕೊಂಡು ಬಂದು ತರಗತಿಯ ಹಿಂದೆ ನಿಂತು ಐಪ್ಯಾಡಿನಲ್ಲಿ ಏನೋ ಒತ್ತಿಕೊಂಡು ಹೋಗುತ್ತಿದ್ದರು. ಒಬ್ಬರು ಹೇಳಿದ್ದನ್ನು ಮುಂದಿನ ವಾರ ಇನ್ನೊಬ್ಬರು ಬೇಡ ಎನ್ನುತ್ತಿದ್ದರು. ನಮ್ಮ ಊಟದ ಬಿಡುವಿಗೆ ಮೀಟಿಂಗ್, ಶಾಲೆ ಬಿಟ್ಟ ಮೇಲೆ ಮೀಟಿಂಗ್. ತಲೆ ಕೆಟ್ಟು ಗೊಬ್ಬರವಾಗಿ ಹೋಗಿತ್ತು.

ಆಮೇಲೆ ಗೋಡೆ ಬಂತು. ಜೆರಾಕ್ಸ್ ಮೆಷಿನ್ ಇಟ್ಟಿದ್ದ ಕೋಣೆಯ ಒಂದು ಗೋಡೆಗೆ ಎಂಟನೇ ತರಗತಿಯ ಒಂದೊಂದು ಮಗುವಿನ ಹೆಸರಿಗೂ ಒಂದೊಂದು ಕಾರ್ಡ್ ಅಂಟಿಸಿದರು. ಪಾಸಾಗುವುದು ಖಚಿತವಾದವರಿಗೆ ಹಸಿರು, ಸ್ವಲ್ಪ ತಳ್ಳಿದರೆ ಪಾಸಾಗುವವರಿಗೆ ಹಳದಿ, ತಳ್ಳಿದರೂ ಆಗದವರಿಗೆ ಕೆಂಪು. ಡಿಸ್ಟ್ರಿಕ್ಟಿನಿಂದ ಬಂದ ಸಲಹೆಗಾರ ಮುಖವರಳಿಸಿಕೊಂಡು ಹೇಳಿದ: ‘ನಿಮ್ಮ ಸಮಯ ಹಳದಿಗೆ.’ ಶನಿವಾರದ ವಿಶೇಷ ತರಗತಿ ಹಳದಿಯವರಿಗೆ. ಅವರನ್ನು ಕರೆತರಲು ಬಸ್ಸು, ಮಧ್ಯಾಹ್ನಕ್ಕೆ ಪಿಜ್ಜಾ. ‘ಕೆಂಪಿನವರಿಗೆ?’ ಎಂದು ಕೇಳಿದೆ. ಅವರನ್ನು ಪ್ರೀತಿಯಿಂದ ನೋಡಿಕೊಳ್ಳಿ ಎಂದ. ಪ್ರೀತಿಯಿಂದಂತೆ! ಪಕ್ಕದಲ್ಲಿದ್ದ ವಿಜ್ಞಾನದ ಟೀಚರು ನನ್ನ ಮಂಡಿ ಒತ್ತಿದ್ದರಿಂದ ಸುಮ್ಮನಾದೆ.

ನನಗೆ ಇದೇನೂ ಹೊಸದಲ್ಲ. ಮೈಸೂರಿನಲ್ಲಿ ನಮ್ಮ ಹೆಡ್‌ಮಾಸ್ತರರು ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕೆಂದು ಸೋಲುವ ಮಕ್ಕಳನ್ನು ಒಂಬತ್ತರಲ್ಲೇ ಕೂರಿಸಿಬಿಡುತ್ತಿದ್ದರು. ಹಾಗೆ ಕೂತವರು ಮುಂದಿನ ಜೂನಿನಲ್ಲಿ ಶಾಲೆಗೆ ಬರುತ್ತಿರಲಿಲ್ಲ. ಸಾವಿರಾರು ಮೈಲಿ ದಾಟಿ ಬಂದು ಮತ್ತದೇ ನೋಡಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಕೆಂಪು ಕಾರ್ಡುಗಳಲ್ಲಿ ಒಂದು ನಮ್ಮ ಕನ್ನಡದ ಹುಡುಗಿಯದು. ಆ ಶಾಲೆಯಲ್ಲಿ ಕನ್ನಡದ ಮನೆ ಅದೊಂದೇ. ಹುಬ್ಬಳ್ಳಿಯವರು. ಹುಡುಗಿಯ ಸೋದರತ್ತೆಯ ಕಡೆಯಿಂದ ಗ್ರೀನ್ ಕಾರ್ಡ್ ಆಗಿ ಬಂದಿದ್ದರು. ಅಪ್ಪನಿಗೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೆಲಸ. ಅಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕುಟ್ಟಿ, ಕನ್ನಡದವರಿಗೆ ಆರ್ಡರ್ ಮೇಲೆ ಕೊಡುತ್ತಿದ್ದರು. ಕ್ಲಿಯರ್ ಲೇಕ್‌ನ ಎಲ್ಲರ ಫೋನಿನಲ್ಲೂ ಅವರು ‘ರೊಟ್ಟಿ ಆಂಟಿ’. ಶಾಲೆಗೆ ಪೋಷಕರನ್ನು ಕರೆದಿದ್ದ ಸಂಜೆ ಅವರು ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದು ನೋಡಿ, ರೊಟ್ಟಿ ಕೊಡಲು ಇಲ್ಲಿಗ್ಯಾಕೆ ಬಂದರು ಎಂದುಕೊಂಡೆ. ಅವರಿಗೂ ಅಷ್ಟೇ ಆಶ್ಚರ್ಯ.

‘ಅಯ್ಯ, ನೀವ ಏನ್ರಿ ಅಕ್ಕೋರು? ನಮ್ಮ ಹುಡುಗಿ ಗಣಿತದ ಅಕ್ಕೋರು ಕನ್ನಡದವ್ರ ಅದಾರ ಅಂದಿದ್ಲು. ನೀವ ಅಂತ ಗೊತ್ತಿರಲಿಲ್ಲ ನೋಡ್ರಿ.’

ಅವರ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಅಮೆರಿಕದಲ್ಲಿ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಹುಡುಗಿ ಊರಲ್ಲಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದಳು. ಇಲ್ಲಿ ಸೇರಿಸಿಕೊಳ್ಳುವಾಗ ಇಂಗ್ಲಿಷ್ ಬರದು ಎಂದು ಒಂದು ತರಗತಿ ಹಿಂದಕ್ಕೆ ಹಾಕಿದ್ದರು. ಹೀಗಾಗಿ ಎಲ್ಲರಿಗಿಂತ ಒಂದು ವರ್ಷ ದೊಡ್ಡವಳು, ಎಲ್ಲರಿಗಿಂತ ಎತ್ತರ. ಬೆನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದಳು, ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಅವಳಿಗೆ ಲೆಕ್ಕ ಬರುತ್ತಿತ್ತು. ಲೆಕ್ಕದ ಸುತ್ತ ಸುತ್ತಿಟ್ಟ ಇಂಗ್ಲಿಷ್ ಬರುತ್ತಿರಲಿಲ್ಲ. ಇಲ್ಲಿನ ಪರೀಕ್ಷೆಯಲ್ಲಿ ಬರೀ ಲೆಕ್ಕ ಎಂದು ಯಾವುದೂ ಇರುವುದಿಲ್ಲ. ಯಾರೋ ಜಿಮ್ ಸೇರುತ್ತಾರೆ, ಯಾರೋ ಹುಲ್ಲು ಕತ್ತರಿಸುವ ಯಂತ್ರ ಬಾಡಿಗೆಗೆ ತರುತ್ತಾರೆ, ಆ ಕಥೆಯೊಳಗಿಂದ ಲೆಕ್ಕವನ್ನು ಹೆಕ್ಕಿ ತೆಗೆಯಬೇಕು.

ಎಂಟನೇ ತರಗತಿಯವರಿಗೆ ಆ ಪರೀಕ್ಷೆ ಶಾಲೆಯ ಷರಾಕ್ಕಷ್ಟೇ ಅಲ್ಲ, ಅವರಿಗೂ ಮುಖ್ಯ. ಆಗಿನ ನಿಯಮದಂತೆ ಪಾಸಾಗದಿದ್ದರೆ ಒಂಬತ್ತಕ್ಕೆ, ಅಂದರೆ ಹೈಸ್ಕೂಲಿಗೆ ಹೋಗುವಂತಿಲ್ಲ. ಮೂರು ಅವಕಾಶ. ಮೊದಲನೆಯದರಲ್ಲಿ ಹುಡುಗಿ ಫೇಲಾದಳು. ಫಲಿತಾಂಶ ಬಂದ ದಿನ ಎಲ್ಲರೂ ಹೊರಟ ಮೇಲೂ ಬ್ಯಾಗು ತಬ್ಬಿಕೊಂಡು ಅಲ್ಲೇ ನಿಂತಿದ್ದಳು.

‘ನನ್ನ ಮತ್ತ ಎಂಟನೇತ್ತದಾಗ ಕೂರಸ್ತಾರೇನ್ರಿ?’

‘ಇನ್ನೂ ಎರಡು ಸಲ ಬರೀಬಹುದು ಕಣೇ. ಯಾಕೆ ಈಗಲೇ ಹೆದರ್ತೀಯಾ?’

‘ಹೆದರಿಕಿ ಅಲ್ರಿ. ಮತ್ತ ಕೂರಿಸಿದ್ರ ನಾ ಸಾಲಿಗೇ ಬರಂಗಿಲ್ಲ. ಈಗ ನನಗ ಆಂಟಿ ಅಂತಾರ್ರಿ ಹುಡುಗ್ರು.’

ನಗುವ ಮಾತೇನೂ ಅಲ್ಲ. ಬರಂಗಿಲ್ಲ ಎಂದರೆ ಅವಳು ನಿಜಕ್ಕೂ ಬರುವುದಿಲ್ಲ ಎಂದು ನನಗೆ ಅನಿಸಿತು. ಮೈಸೂರಿನಲ್ಲಿ ಒಂಬತ್ತರಲ್ಲಿ ಕೂತವರು ಇದನ್ನು ಹೇಳಿರಲಿಲ್ಲ, ಮಾಡಿ ತೋರಿಸಿದ್ದರು.

ಪ್ರಿನ್ಸಿಪಾಲರ ಹತ್ತಿರ ಹೋದೆ. ಐವತ್ತು ದಾಟಿದ, ಸದಾ ತಣ್ಣಗಾದ ಕಾಫಿ ಕುಡಿಯುತ್ತಿದ್ದ ಹೆಂಗಸು. ಕೆಟ್ಟವರಲ್ಲ. ಬೆಳಗ್ಗೆ ಬಸ್ಸಿಳಿಯುವ ಮಕ್ಕಳನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಈ ಹುಡುಗಿ ಕೆಂಪಲ್ಲ, ಇವಳ ತೊಂದರೆ ಗಣಿತದ್ದಲ್ಲ, ಶನಿವಾರದ ತರಗತಿಗೆ ಸೇರಿಸಿಕೊಳ್ಳೋಣ ಎಂದೆ. ಹಳದಿಯವರಿಗೇ ಜಾಗ ಸಾಲದು ಎಂದರು. ನಾನು ಬಿಡಲಿಲ್ಲ. ‘ನೋಡಿ, ನಾನು ಎಲ್ಲರನ್ನೂ ಉಳಿಸಲು ಹೋದರೆ ಶಾಲೆಯೇ ಉಳಿಯುವುದಿಲ್ಲ’ ಎಂದು ಕಣ್ಣು ಮುಚ್ಚಿಕೊಂಡು ಹಣೆ ಒತ್ತಿಕೊಂಡರು.

ಸರಿ, ಶಾಲೆಯಲ್ಲಿ ಜಾಗವಿಲ್ಲ ತಾನೆ, ನನ್ನ ಮನೆಯಲ್ಲಿದೆ. ಅಂದೇ ಸಂಜೆ ರೊಟ್ಟಿ ಆಂಟಿಗೆ ಫೋನ್ ಮಾಡಿದೆ: ‘ಶನಿವಾರ ಹುಡುಗಿನ ನಮ್ಮನೆಗೆ ಕಳಿಸಿ. ನಾನು ಟ್ಯೂಷನ್ ಹೇಳ್ತೀನಿ.’ ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ? ಮೈಸೂರಿನಲ್ಲಿ ಟೀಚರ ಮನೆಯೆಂದರೆ ಸಂಜೆ ಬಾಗಿಲ ಮುಂದೆ ಚಪ್ಪಲಿಯ ರಾಶಿ, ಒಳಗೆ ಚಾಪೆ, ಚಾಪೆಯ ತುಂಬ ಮಕ್ಕಳು. ನಾನು ಓದಿದ್ದೂ ಹಾಗೆ, ಓದಿಸಿದ್ದೂ ಹಾಗೆ.

ಶನಿವಾರ ಬೆಳಗ್ಗೆ ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿಟ್ಟುಹೋಗುತ್ತಿದ್ದರು. ಹುಡುಗಿ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಹಿಡಿದುಕೊಂಡು ಬರುತ್ತಿದ್ದಳು. ದುಡ್ಡು ತೆಗೆದುಕೊಳ್ಳಿ ಎಂದರೆ ಅವಳಮ್ಮ ಫೋನಿನಲ್ಲಿ ಬೈಯುತ್ತಿದ್ದರು: ‘ಅಕ್ಕೋರ ಕಡೆ ರೊಕ್ಕ ಇಸ್ಕೊಂಡ್ರ ನನ್ನ ಕೈಗೆ ಹತ್ತೂದಿಲ್ರಿ, ಸುಮ್ಮನ ತಿನ್ರಿ.’ ನಾನು ದೋಸೆ ಹಾಕಿಕೊಡುತ್ತಿದ್ದೆ. ತಿಂದು, ಕೈ ತೊಳೆದು, ಚಾಪೆಯ ಮೇಲೆ ಕೂರುತ್ತಿದ್ದಳು. ಆಗ ನೋಡಬೇಕಿತ್ತು ಅವಳನ್ನು! ಬೆನ್ನು ನೆಟ್ಟಗೆ.

ಜಿಮ್ಮಿಗೆ ಸೇರುವಾಗ ಇಷ್ಟು, ಆಮೇಲೆ ತಿಂಗಳಿಗೆ ಇಷ್ಟು ಎಂಬ ಒಂದು ಲೆಕ್ಕ ಅವಳಿಗೆ ಏನು ಮಾಡಿದರೂ ಹತ್ತುತ್ತಿರಲಿಲ್ಲ. ‘ಹುಬ್ಬಳ್ಳಿಯಲ್ಲಿ ಆಟೋ ಹತ್ತಿದ್ಯಲ್ಲ, ಮಿನಿಮಮ್ ಚಾರ್ಜ್ ಅಂತ ಮೊದಲೇ ಇಷ್ಟು ಹಿಡೀತಾರೆ, ಆಮೇಲೆ ಕಿಲೋಮೀಟರಿಗೆ ಇಷ್ಟು ಅಂತ ಏರುತ್ತೆ. ಇದೂ ಅದೇ’ ಎಂದೆ. ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಒಂದು ಕ್ಷಣ ನೋಡಿದಳು.

‘ಅಯ್ಯ, ಇಷ್ಟ ಏನ್ರಿ? ಹಂಗಂತ ಬರೀಲಿಕ್ಕೆ ಏನಾಗಿತ್ತು ಇವರಿಗೆ?’

ಆಮೇಲೆ ಅಂಥ ಲೆಕ್ಕಗಳನ್ನು ಸರಸರ ಬಿಡಿಸತೊಡಗಿದಳು. ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಓದಿ, ‘ಇದು ಮಿನಿಮಮ್, ಇದು ಕಿಲೋಮೀಟರು’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನನಗೆ ಆನಂದವೋ ಆನಂದ.

ನನ್ನ ಗಂಡ ಮಾತ್ರ ಬಾಗಿಲಲ್ಲಿ ನಿಂತು ನೋಡಿ ತಲೆ ಕೆರೆದುಕೊಂಡರು. ‘ಏನೇ, ಇದಕ್ಕೆಲ್ಲ ಸ್ಕೂಲಿನವರ ಪರ್ಮಿಷನ್ ಬೇಡ್ವಾ?’

‘ಪಾಠ ಹೇಳಕ್ಕೆ ಪರ್ಮಿಷನ್ನಾ? ಸುಮ್ನಿರಿ ಸಾಕು’ ಎಂದೆ.

ಬೇಕಿತ್ತು. ಹುಡುಗಿ ಖುಷಿಯಲ್ಲಿ ಶಾಲೆಯ ಊಟದ ಮನೆಯಲ್ಲಿ ಗೆಳತಿಯರಿಗೆ ನಮ್ಮ ಮನೆಯ ದೋಸೆಯ ವಿಷಯ ಹೇಳಿದ್ದಳು. ಅಲ್ಲಿ ಕಾವಲಿಗೆ ನಿಂತಿದ್ದ ಟೀಚರೊಬ್ಬರ ಕಿವಿಗೆ ಬಿತ್ತು. ಎರಡನೆಯ ಪರೀಕ್ಷೆ ಹತ್ತಿರ ಬಂದಿತ್ತು, ಪ್ರಿನ್ಸಿಪಾಲರು ನನ್ನನ್ನು ಕರೆಸಿ ಬಾಗಿಲು ಮುಚ್ಚಿಕೊಂಡರು. ರೇಗಲಿಲ್ಲ. ರೇಗಿದ್ದರೆ ನಾನೂ ತಿರುಗಿ ರೇಗಬಹುದಿತ್ತು. ಟೀಚರು ವಿದ್ಯಾರ್ಥಿನಿಯೊಬ್ಬಳನ್ನೇ ಮನೆಗೆ ಕರೆಸಿಕೊಳ್ಳುವಂತಿಲ್ಲ, ತಿನ್ನಲು ಕೊಡುವಂತಿಲ್ಲ, ಅವರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದರು. ನಿಮ್ಮ ಮೇಲೆ ನನಗೆ ಅನುಮಾನವಿಲ್ಲ, ಆದರೆ ಡಿಸ್ಟ್ರಿಕ್ಟಿನವರು ನಮ್ಮ ಶಾಲೆಯ ಮೇಲೆ ಕಣ್ಣಿಟ್ಟು ಕೂತಿರುವಾಗ ಒಂದು ದೂರು ಹೋದರೆ ನಿಮ್ಮನ್ನು ಉಳಿಸಲು ನನ್ನಿಂದ ಆಗುವುದಿಲ್ಲ ಎಂದರು.

ಹಾಗಾದರೆ ಪಬ್ಲಿಕ್ ಲೈಬ್ರರಿಯಲ್ಲಿ ಎಲ್ಲರ ಎದುರಿಗೇ ಹೇಳಿಕೊಡುತ್ತೇನೆ ಎಂದೆ. ‘ಈ ವರ್ಷ ಬೇಡ. ದಯವಿಟ್ಟು.’ ಹಾಗಾದರೆ ಶನಿವಾರದ ತರಗತಿಗೆ ಹಾಕಿಕೊಳ್ಳಿ ಎಂದೆ. ಅವರು ಎದ್ದು ಬಾಗಿಲು ತೆರೆದರು. ಕಾರಿನಲ್ಲಿ ಕೂತು ಅತ್ತೆ. ದೋಸೆ ಹಾಕಿಕೊಟ್ಟು ಲೆಕ್ಕ ಹೇಳಿಕೊಟ್ಟಿದ್ದಕ್ಕೆ ಕಳ್ಳಿಯ ಹಾಗೆ ತಲೆತಗ್ಗಿಸಿ ಬಂದೆನಲ್ಲ ಎಂದು ಅವಮಾನವಾಗಿತ್ತು. ಕಾಯ್ದೆ ಯಾಕಿದೆ ಎನ್ನುವುದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಯಾವ ಮನೆಯಲ್ಲಿ ಏನು ನಡೆಯುತ್ತದೋ ಯಾರು ಬಲ್ಲರು? ಆದರೂ ಸಂಕಟ ಸಂಕಟವೇ.

ರೊಟ್ಟಿ ಆಂಟಿಗೆ ಫೋನಿನಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ‘ನಮ್ಮ ಹುಡುಗಿ ಏನರ ತಪ್ಪು ಮಾಡಿದ್ಲೇನ್ರಿ ಅಕ್ಕೋರ?’ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ, ಇಲ್ಲಿನ ಕಾನೂನು ಎಂದೆ. ಕಲಿಸುವುದಕ್ಕೂ ಕಾನೂನು ಅಡ್ಡ ಬರುತ್ತದೆ ಎಂದು ಅವರಿಗೆ ನಂಬಿಕೆ ಬರಲಿಲ್ಲ. ನನಗೆ ಏನೋ ಬೇಸರವಾಗಿದೆ ಎಂದೇ ತಿಳಿದುಕೊಂಡರು.

ಎರಡನೆಯ ಸಲ ಹುಡುಗಿ ಫೇಲಾದಳು, ಆದರೆ ಮೊದಲಿಗಿಂತ ಎಷ್ಟೋ ಮೇಲೆ ಬಂದಿದ್ದಳು. ಮೂರನೆಯದು ಬೇಸಿಗೆ ರಜೆ ಶುರುವಾದ ಮೇಲೆ. ಆ ಮೂರನೆಯ ಸಲದ ಅಂಕ ಶಾಲೆಯ ರೇಟಿಂಗಿಗೆ ಹಿಡಿಯುವುದಿಲ್ಲ. ಹಾಗಾಗಿ ಕೋಟಿನವರು ಒಬ್ಬರೂ ಆ ಕಡೆ ಸುಳಿಯಲಿಲ್ಲ. ಇನ್ನೂ ಪಾಸಾಗದೆ ಉಳಿದ ಮಕ್ಕಳನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ, ಹೊಸಬರೊಬ್ಬರನ್ನು ಕಾವಲಿಟ್ಟು, ಅಭ್ಯಾಸ ಎಂದರು. ಮೂರನೆಯ ಸಲವೂ ಅವಳಿಗೆ ಆಗಲಿಲ್ಲ. ಇನ್ನು ಒಂದೋ ಎರಡೋ ಲೆಕ್ಕ ಸರಿಯಾಗಿದ್ದರೆ ಪಾಸಾಗುತ್ತಿದ್ದಳು. ನಿಲ್ಲಿಸಿದ ಆ ಶನಿವಾರಗಳಲ್ಲಿ ಒಂದೆರಡು ಉಳಿದಿದ್ದರೆ ಸಾಕಿತ್ತು ಎಂದು ಎಣಿಸಿ ಎಣಿಸಿ ನಿದ್ದೆಗೆಟ್ಟೆ.

ಇದರ ನಡುವೆ ಮನೆಯಲ್ಲಿ ಇನ್ನೊಂದು ಗದ್ದಲ. ಗಂಡನ ಕಂಪನಿಯ ಗುತ್ತಿಗೆ ಮುಗಿಯುತ್ತಿತ್ತು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಕಂಪ್ಯೂಟರ್ ಕಂಪನಿಯೊಂದರಿಂದ ಕರೆ ಬಂತು. ಹೋಗಲೇಬೇಕು, ಬೇರೆ ದಾರಿಯಿರಲಿಲ್ಲ. ಅವರು ಪ್ರತಿದಿನ ಲ್ಯಾಪ್‌ಟಾಪ್ ಹಿಡಿದು ಕೂತು ಮನೆಗಳನ್ನು ನೋಡುತ್ತಿದ್ದರು. ‘ಇಲ್ನೋಡೇ, ಈ ಏರಿಯಾ ಸ್ಕೂಲ್‌ಗಳು ಸೂಪರ್.’

‘ನನ್ ಮುಂದೆ ಸ್ಕೂಲ್ ಹೆಸರು ಎತ್ತಬೇಡಿ’ ಎಂದು ರೇಗಿದೆ. ಪಾಪ, ಅವರು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರು. ಮೂರನೆಯ ಫಲಿತಾಂಶ ಬರುವ ಮೊದಲೇ ನಾನು ರಾಜೀನಾಮೆ ಕೊಟ್ಟಾಗಿತ್ತು. ಪ್ರಿನ್ಸಿಪಾಲರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಫಲಿತಾಂಶದ ಮಾರನೆಯ ದಿನ ಪ್ರಿನ್ಸಿಪಾಲರೇ ಫೋನ್ ಮಾಡಿದರು. ಮೂರು ಸಲ ಫೇಲಾದ ಮಗುವಿನ ತಾಯಿತಂದೆ ಅರ್ಜಿ ಕೊಟ್ಟರೆ ಒಂದು ಸಮಿತಿ ಕೂರುತ್ತದೆ. ಪ್ರಿನ್ಸಿಪಾಲರು, ಆ ವಿಷಯದ ಟೀಚರು, ತಾಯಿ ಅಥವಾ ತಂದೆ. ಮೂವರೂ ಒಪ್ಪಿದರೆ ಮಾತ್ರ ಮಗುವನ್ನು ಒಂಬತ್ತಕ್ಕೆ ಕಳಿಸಬಹುದು, ಒಬ್ಬರು ಬೇಡವೆಂದರೂ ಇಲ್ಲ. ತಾಯಿಗೆ ನೀವೇ ನಿಮ್ಮ ಭಾಷೆಯಲ್ಲಿ ತಿಳಿಸಿ ಅರ್ಜಿ ಕೊಡಿಸಿ ಎಂದರು. ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಯಾಕೆ ಎಂದು ಕೇಳಿಯೇಬಿಟ್ಟೆ. ‘ಇಲ್ಲೇ ಉಳಿದರೆ ಮುಂದಿನ ವರ್ಷವೂ ಅವಳ ಅಂಕ ನಮ್ಮ ಲೆಕ್ಕಕ್ಕೆ ಬರುತ್ತದೆ. ಹೈಸ್ಕೂಲಿಗೆ ಹೋದರೆ ಬರುವುದಿಲ್ಲ. ನಿಮಗೆ ಸುಳ್ಳು ಹೇಳಲಾರೆ’ ಎಂದರು.

ಅಷ್ಟು ನೇರವಾಗಿ ಹೇಳಿದ ಮೇಲೆ ಯಾರ ಮೇಲೆ ಕೂಗಾಡುವುದು? ನಮ್ಮ ಹೆಡ್‌ಮಾಸ್ತರರು ಲೆಕ್ಕ ಸರಿಮಾಡಲು ಹಿಂದಕ್ಕೆ ಹಿಡಿದಿಡುತ್ತಿದ್ದರು, ಇವರು ಮುಂದಕ್ಕೆ ದಬ್ಬುತ್ತಿದ್ದರು. ಹುಡುಗಿಗೆ ಬೇಕಾಗಿದ್ದೂ ಮುಂದಕ್ಕೆ ಹೋಗುವುದೇ. ಆದರೆ ಪಾಯ ಇಲ್ಲದೆ ಹೋದವಳು ಹೈಸ್ಕೂಲಿನಲ್ಲಿ ಮುಳುಗಿಹೋದರೆ? ಪ್ಯಾಕ್ ಮಾಡುತ್ತಿದ್ದ ಪಾತ್ರೆಗಳನ್ನು ಬಿಟ್ಟು ಮನೆಯೊಳಗೆಲ್ಲ ಓಡಾಡಿದೆ. ಬೇಡ ಎನ್ನಲೇ? ಸರಿ ಎನ್ನಲೇ? ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ.

ಸಮಿತಿ ಕೂ‌ತಿದ್ದು ಖಾಲಿ ಶಾಲೆಯಲ್ಲಿ, ಪ್ರಿನ್ಸಿಪಾಲರ ಕೋಣೆಯಲ್ಲಿ. ರೊಟ್ಟಿ ಆಂಟಿ ಮದುವೆಗೆ ಹೊರಟವರ ಹಾಗೆ ಇಳಕಲ್ ಸೀರೆ ಉಟ್ಟು ಬಂದಿದ್ದರು. ಪಕ್ಕದಲ್ಲಿ ಹುಡುಗಿ, ಬೆನ್ನು ಬಗ್ಗಿಸಿಕೊಂಡು. ಪ್ರಿನ್ಸಿಪಾಲರು ನಿಯಮ ಓದಿದರು. ಒಂಬತ್ತನೇ ತರಗತಿಯ ಪಾಠವನ್ನು ಈ ಮಗು ಉಳಿದವರ ಸರಿಸಮಕ್ಕೆ ಕಲಿಯಬಲ್ಲದು ಎಂದು ನಂಬಿದರೆ ಮಾತ್ರ ಸಹಿ ಹಾಕಬೇಕು. ನಾನು ಕನ್ನಡದಲ್ಲಿ ಹೇಳಿದೆ. ನಿಮ್ಮ ಅಭಿಪ್ರಾಯವೇನು ಎಂದು ಅವರು ತಾಯಿಯನ್ನು ಕೇಳಿದರು. ಅದನ್ನೂ ಹೇಳಿದೆ.

‘ನನಗೇನ್ ತಿಳೀತೈತ್ರಿ ಅಕ್ಕೋರ? ನೀವು ಹೆಂಗ ಅಂತೀರಿ ಹಂಗ.’

‘ಹಾಗಲ್ಲ, ಇಲ್ಲಿ ನಿಮ್ಮ ಒಪ್ಪಿಗೆ ಬೇರೆ, ನನ್ನ ಒಪ್ಪಿಗೆ ಬೇರೆ. ನಿಮಗೆ ಏನನ್ಸುತ್ತೆ ಹೇಳಿ.’

‘ಅಕ್ಕೋರ ಮುಂದ ನಾ ಏನ್ ಹೇಳ್ಲಿ? ನೀವು ಕಳಸ್ರಿ ಅಂದ್ರ ಕಳಸ್ತೀನಿ, ಇಟ್ಕೋರಿ ಅಂದ್ರ ಇಟ್ಕೋತೀನಿ. ನೀವ ಅದೀರಲ್ಲ.’

ನಮ್ಮ ಕಡೆಯ ತಾಯಂದಿರು ಶಾಲೆಗೆ ಮಕ್ಕಳನ್ನು ಒಪ್ಪಿಸುವುದೇ ಹೀಗೆ. ಮೈಸೂರಿನಲ್ಲಿ ನೂರಾರು ಸಲ ಕೇಳಿದ್ದ ಮಾತು. ಆಗೆಲ್ಲ ಹೆಮ್ಮೆಯಾಗುತ್ತಿತ್ತು. ಈಗ ಹೆದರಿಕೆಯಾಯಿತು. ಮೂವರ ಸಮಿತಿಯಲ್ಲಿ ಒಬ್ಬರಿಗೆ ರೇಟಿಂಗ್ ಬೇಕು, ಇನ್ನೊಬ್ಬರು ಎಲ್ಲವನ್ನೂ ನನ್ನ ಕೈಗಿಟ್ಟರು. ಅದೂ ನಾನಿದ್ದೇನೆ ಎಂದು ಇಟ್ಟರು. ಮುಚ್ಚಿಡಲು ಮನಸ್ಸಾಗಲಿಲ್ಲ.

‘ನಾನು ಇರಲ್ಲ ಕಣ್ರೀ. ಮುಂದಿನ ತಿಂಗಳು ನಾವು ರೌಂಡ್ ರಾಕ್‌ಗೆ ಹೋಗ್ತಿದ್ದೀವಿ. ನಮ್ಮನೆಯವರಿಗೆ ಅಲ್ಲಿ ಕೆಲಸ ಆಗಿದೆ.’

ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು. ರೊಟ್ಟಿ ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

‘ಹಂಗಾದ್ರ ಈಕೀನ ಯಾರ ಕೈಯಾಗ ಬಿಡೂಣ್ರಿ?’

ಏನು ಹೇಳುತ್ತಿದ್ದಾರೆ ಎಂದು ಪ್ರಿನ್ಸಿಪಾಲರು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚುರುಕಾಗಿ ಉತ್ತರ ಕೊಟ್ಟರು. ಹೈಸ್ಕೂಲಿನಲ್ಲಿ ಇಂಥ ಮಕ್ಕಳಿಗೆಂದೇ ಡಿಸ್ಟ್ರಿಕ್ಟ್ ಹೊಸದಾಗಿ ಒಂದು ಪ್ರೋಗ್ರಾಂ ತಂದಿದೆ, ಕಂಪ್ಯೂಟರಿನಲ್ಲಿ ತಮ್ಮ ಮಟ್ಟಕ್ಕೆ ತಕ್ಕ ಹಾಗೆ ಕಲಿಯಬಹುದು ಎಂದರು.

‘ಅಲ್ಲಿ ಒಂದು ಪ್ರೋಗ್ರಾಂ ಇದೆಯಂತೆ’ ಎಂದೆ.

‘ಪ್ರೋಗ್ರಾಂ ಅಲ್ರಿ. ನಾ ಮಂದಿ ಕೇಳಿದೆ.’

ಇದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಪ್ರೋಗ್ರಾಂ ಅಲ್ಲ, ಯಾವ ಮನುಷ್ಯರು ಇದ್ದಾರೆ ಎಂದು ಕೇಳುತ್ತಿದ್ದಾರೆ ಎಂದೆ. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಕೊನೆಗೆ ಬಹಳ ಮೆತ್ತಗೆ, ‘ನನಗೆ ಗೊತ್ತಿಲ್ಲ’ ಎಂದರು. ಇಡೀ ವರ್ಷದಲ್ಲಿ ಆ ಶಾಲೆಯಲ್ಲಿ ಯಾರಾದರೂ ಆಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಅದು ಎಂದು ನನಗನಿಸಿತು. ಅವರ ಮೇಲಿದ್ದ ಸಿಟ್ಟು ಆ ಗಳಿಗೆಯಲ್ಲಿ ಇಳಿದುಹೋಯಿತು. ಇಳಿದು ಏನು ಪ್ರಯೋಜನ?

ಹುಡುಗಿಯ ಕಡೆ ತಿರುಗಿದೆ. ‘ನೀನು ಹೇಳು. ಏನು ಮಾಡ್ಬೇಕು ಅಂತೀಯಾ?’

‘ಹೋಗ್ತೀನ್ರಿ.’

‘ಅಲ್ಲಿ ಕಷ್ಟ ಆಗುತ್ತೆ.’

‘ಇಲ್ಲೇನ್ ಸುಲಭ ಇತ್ತೇನ್ರಿ?’

ನಾನು ಸಹಿ ಹಾಕಿದೆ. ನನ್ನ ಸಹಿ ನೋಡಿಕೊಂಡು ತಾಯಿ ಕನ್ನಡದಲ್ಲಿ ಸಹಿ ಹಾಕಿದರು. ಪ್ರಿನ್ಸಿಪಾಲರು ಕೊನೆಗೆ ಹಾಕಿ, ಎದ್ದು ಬಂದು ಹುಡುಗಿಯ ಕೈ ಕುಲುಕಿ ಅಭಿನಂದನೆ ಹೇಳಿದರು. ಅವಳು ಥ್ಯಾಂಕ್ಯೂ ಮ್ಯಾಮ್ ಎಂದಳು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಡಾಂಬರು ಮೆತ್ತಗಾಗುವಂಥ ಬಿಸಿಲು. ಅವಳ ಅಪ್ಪ ಕಾರಿನಲ್ಲಿ ಕಾಯುತ್ತಿದ್ದರು. ರೊಟ್ಟಿ ಆಂಟಿ ನನ್ನ ಕೈ ಹಿಡಿದು, ‘ಎಲ್ಲಿದ್ರೂ ಚಲೋ ಇರ್ರಿ ಅಕ್ಕೋರ’ ಎಂದು ಹೇಳಿ ಮುಂದೆ ನಡೆದರು. ಹುಡುಗಿ ಹಿಂದೆ ಉಳಿದಳು.

‘ಒಂದು ಮಾತು ಕೇಳ್ಲೇನ್ರಿ?’

‘ಕೇಳು.’

‘ಪ್ರಿನ್ಸಿಪಾಲ್ ಮೇಡಮ್ಮೋರು ಸಹಿ ಯಾಕ ಹಾಕಿದ್ರು ಅಂತ ನನಗ ಗೊತ್ತೈತ್ರಿ. ಗೋಡಿ ಮ್ಯಾಲ ನನ್ನ ಕಾರ್ಡ್ ನಾ ನೋಡೀನಿ. ಜೆರಾಕ್ಸ್ ತರಾಕ ಕಳಿಸಿದಾಗ ನೋಡಿದ್ದೆ. ಅವ್ವ ನೀವು ಹಾಕಿದ್ರಿ ಅಂತ ಹಾಕಿದ್ಲು. ನಿಮ್ದೊಂದು ಹೇಳ್ರಿ. ನನಗ ಗಣಿತ ಬರತೈತಿ ಅಂತ ಹಾಕಿದ್ರೋ, ನೀವು ಹೊಂಟೀರಿ ಅಂತ ಹಾಕಿದ್ರೋ?’

ಅವಳು ನನ್ನಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಕಾರಿನ ಹಾರ್ನ್ ಮಾಡಿದರು.

‘ನಿಂಗೆ ಬರುತ್ತೆ ಅಂತಾನೇ ಕಣೇ’ ಎಂದೆ.

‘ಚಲೋ ಆತ್ರಿ’ ಎಂದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಕಾರು ಹತ್ತಿದಳು, ಹೋದಳು. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಯೋಚಿಸುತ್ತ ಆ ಬಿಸಿಲಲ್ಲೇ ನಿಂತಿದ್ದೆ. ಇವತ್ತಿಗೂ ನನಗೆ ಅದು ಗೊತ್ತಾಗಿಲ್ಲ.